ಮಾವನ ಲಾಡ್ಜು, ನಮ್ಮ ಕಾಂಪೌಂಡು

ತಪ್ಪು ಮೊದಲು ಮಾಡಿದ್ದು ಮಾವನೇ. ಬೆಂಗಳೂರಿನಿಂದ ಅಮ್ಮನಿಗೆ ಫೋನ್ ಮಾಡಿ, "ಅಕ್ಕಾ, ನಿನ್ನೆ ಲಾಡ್ಜಲ್ಲಿ ನಂಗೆ ಥರ್ಡ್ ಡಿಗ್ರಿ ಆಯ್ತು" ಅಂದರು, ಅದೂ ಖುಷಿಯಿಂದ.

ಹಾಸನದ ನಮ್ಮ ಮನೆಯಲ್ಲಿ ಲಾಡ್ಜ್ ಅಂದರೆ ಬಸ್ ಸ್ಟ್ಯಾಂಡ್ ಹತ್ತಿರ ಇರುವಂಥದ್ದು. ಥರ್ಡ್ ಡಿಗ್ರಿ ಅಂದರೆ ಪೊಲೀಸರು ಕೊಡುವಂಥದ್ದು. ಅಮ್ಮ ಎರಡನ್ನೂ ಕೂಡಿಸಿದರು. ಬ್ಯಾಂಕ್ ಮ್ಯಾನೇಜರ್ ಆಗಿ ರಿಟೈರ್ ಆದ ತಮ್ಮ, ಮೊಮ್ಮಗಳು ಸ್ಕೂಲಿಗೆ ಹೋಗುವ ವಯಸ್ಸಿನಲ್ಲಿ ಲಾಡ್ಜಿಗೆ ಹೋಗಿದ್ದಾನೆ, ರೈಡ್ ಆಗಿದೆ, ಬೆಂಡೆತ್ತಿದ್ದಾರೆ. ಫೋನ್ ನನ್ನ ಕೈಗೆ ತುರುಕಿ, ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತಾ, "ಎಷ್ಟು ಕೇಳ್ತಾವ್ರೆ ಕೇಳ್ಲಾ, ಕೊಟ್ಟು ಬಿಡಿಸ್ಕೊಂಡ್ ಬಾ" ಅಂದರು.

ಮಾವ ನಗಲಿಲ್ಲ, ಪಾಪ. ತಾವು ಫ್ರೀಮೇಸನ್ ಅನ್ನುವ ಹಳೇ ಸಂಘದ ಸದಸ್ಯರಾಗಿರುವುದಾಗಿಯೂ, ಅದರ ಶಾಖೆಗೆ ಲಾಡ್ಜ್ ಅನ್ನುವುದಾಗಿಯೂ, ಅದರಲ್ಲಿ ಡಿಗ್ರಿ ಅನ್ನುವ ಮೂರು ಮೆಟ್ಟಿಲು ಇರುವುದಾಗಿಯೂ, ಎಂಟರ್ಡ್ ಅಪ್ರೆಂಟಿಸ್, ಫೆಲೋ ಕ್ರಾಫ್ಟ್ ಮುಗಿಸಿ ಈಗ ಮೂರನೆಯದು ಮಾಸ್ಟರ್ ಮೇಸನ್ ಆಗಿದ್ದಾಗಿಯೂ ಸಮಾಧಾನದಿಂದ ವಿವರಿಸಿದರು. ನಾನು ಅಮ್ಮನಿಗೆ ಚಿಕ್ಕದಾಗಿ ಹೇಳಿದೆ: "ಮಾವ ಫ್ರೀಮೇಸನ್ ಅಂತೆ."

ಅಳು ನಿಂತಿತು. ಯಾಕೆಂದರೆ ನಮ್ಮ ಕಾಂಪೌಂಡ್ ಗೋಡೆ ಅರ್ಧಕ್ಕೆ ನಿಂತು ಮೂರು ತಿಂಗಳಾಗಿತ್ತು. ಮೇಸ್ತ್ರಿ ಅಡ್ವಾನ್ಸ್ ತಗೊಂಡು ಇನ್ನೊಂದು ಮನೆಯ ಮೌಲ್ಡಿಂಗಿಗೆ ಹೋದವನು ತಿರುಗಿ ಬಂದಿರಲಿಲ್ಲ. ಅಮ್ಮನ ಕಿವಿಗೆ ಬಿದ್ದಿದ್ದು ಎರಡೇ ಮಾತು, ಫ್ರೀ ಮತ್ತು ಮೇಸನ್. "ಬ್ಯಾಂಕ್ ಬಿಟ್ಮೇಲೆ ಗಾರೆ ಕೆಲ್ಸ ಕಲ್ತವ್ನಾ? ಒಳ್ಳೇದಾಯ್ತು. ಒಂದ್ ವಾರ ಬಂದಿರಕ್ಕೇಳು."

ಇಲ್ಲಿ ನಾನು ಅಮ್ಮನನ್ನು ನೋಡಿ ನಗಬಹುದಿತ್ತು. ಆದರೆ ಅವತ್ತು ರಾತ್ರಿ ನಾನು, ಡಿಗ್ರಿ ಓದಿದವನು, ಎರಡು ಗಂಟೆವರೆಗೆ ಯೂಟ್ಯೂಬ್ ನೋಡಿದೆ. ಪ್ರಪಂಚ ನಡೆಸುವವರು ಇವರೇ, ಸೈತಾನನ ಪೂಜೆ ಮಾಡುವವರು ಇವರೇ, ಡಾಲರ್ ನೋಟಿನ ಮೇಲಿನ ಒಂಟಿ ಕಣ್ಣೂ ಇವರದೇ. ಪಿಂಚಣಿ ಸರ್ಟಿಫಿಕೇಟ್ ಹುಡುಕಲು ನನಗೆ ಫೋನ್ ಮಾಡುವ ಮಾವ ಪ್ರಪಂಚ ನಡೆಸುತ್ತಿದ್ದಾರೆ ಅಂತ ನಂಬುವುದು ಸ್ವಲ್ಪ ಕಷ್ಟವಾಯಿತು, ಆದರೂ ನಂಬಿದೆ. ಬೆಳಿಗ್ಗೆ ಎದುರು ಮನೆ ಅಜ್ಜಿಗೆ ಸುಮ್ನೆ ಒಂದು ಮಾತು ಹೇಳಿದೆ. ಅದೇ ನಾನು ಮಾಡಿದ ತಪ್ಪು.

ಮಾವ ಬಂದರು. ಬ್ಯಾಗ್ ಬಿಚ್ಚಿದಾಗ ಬಿಳಿ ಏಪ್ರನ್ ಒಂದು ಜಾರಿ ಬಿತ್ತು, ಜೊತೆಗೆ ಕೈವಾರ ಮತ್ತು ಮೂಲೆಮಟ್ಟದ ಗುರುತಿರುವ ಬ್ಯಾಡ್ಜು. "ಸಾಮಾನು ತಂದವ್ನೆ" ಅಂತ ಅಮ್ಮನಿಗೆ ಸಮಾಧಾನ. ಅಜ್ಜಿ ಮಾತ್ರ ಅವತ್ತಿನಿಂದ ನಮ್ಮ ಮನೆ ಸಾರು ಮುಟ್ಟಲಿಲ್ಲ. ಅವರ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಬಂತು.

ಸಂಜೆ ಜಗಲಿಯಲ್ಲಿ ಮಾವನನ್ನು ಕೂರಿಸಿಕೊಂಡು ಕೇಳಿಯೇ ಬಿಟ್ಟೆ. ಮಾವ ಕಾಫಿ ಮುಗಿಸಿ, ಇದೇನು ಹೊಸದಲ್ಲ ಕಣೋ ಅಂದರು. ಬ್ರಿಟಿಷರ ಕಾಲದಲ್ಲಿ ಉತ್ತರದ ಕಡೆ ಲಾಡ್ಜನ್ನು ಜಾದೂಘರ್ ಅನ್ನುತ್ತಿದ್ದರಂತೆ, ಬೊಂಬಾಯಿ ಕಡೆ ಶೈತಾನ್‌ಖಾನಾ. ನಮ್ಮ ದಕ್ಷಿಣದವರು ಇನ್ನೂ ಮುಂದೆ ಹೋಗಿ ತಲೆ ಕಡಿಯುವ ಗುಡಿ ಅಂತ ಹೆಸರಿಟ್ಟಿದ್ದರು. ಹೊಸಬರು ಸೇರುವಾಗ ತಲೆ ಕಡಿದು ಮತ್ತೆ ಅಂಟಿಸುತ್ತಾರೆ ಅಂತ ನಂಬಿಕೆ. 1886ರಲ್ಲಿ ಅಚ್ಚಾದ ನಿಘಂಟಿನಲ್ಲೇ ಇದೆ. ಅಮ್ಮ ಮೆಲ್ಲಗೆ ಮಾವನ ಕತ್ತು ನೋಡಿದರು.

ಸೈತಾನನ ಕಥೆಯದ್ದು ಇನ್ನೂ ಚೆಂದ. ಫ್ರಾನ್ಸಿನ ಲಿಯೋ ಟಾಕ್ಸಿಲ್ ಅನ್ನುವ ಆಸಾಮಿ ವರ್ಷಗಟ್ಟಲೆ ಇವರ ಸೈತಾನ ಪೂಜೆ ಬಗ್ಗೆ ಪುಸ್ತಕ ಬರೆದು ಮಾರಿದ. 1897ರಲ್ಲಿ ಪ್ಯಾರಿಸ್ಸಿನಲ್ಲಿ ಜನ ಸೇರಿಸಿ, ಅದೆಲ್ಲ ನಾನೇ ಕಟ್ಟಿದ ಸುಳ್ಳು ಅಂತ ತಾನೇ ಹೇಳಿಬಿಟ್ಟ. ಸುಳ್ಳು ಹೇಳಿದವನೇ ಒಪ್ಪಿಕೊಂಡು ನೂರು ವರ್ಷ ದಾಟಿದೆ, ನಾನು ಮೊನ್ನೆ ರಾತ್ರಿ ಡೇಟಾ ಖರ್ಚು ಮಾಡಿ ಅದನ್ನೇ ನೋಡಿದ್ದೇನೆ. ನಿಜ ಏನೆಂದರೆ ದೇವರಿಲ್ಲ ಅನ್ನುವವನನ್ನು ಮಾವನ ಲಾಡ್ಜು ಸೇರಿಸಿಕೊಳ್ಳುವುದೇ ಇಲ್ಲ. ಯಾವ ದೇವರಾದರೂ ಆಗುತ್ತದೆ. ಗೀತೆ, ಕುರಾನ್, ಬೈಬಲ್, ಯಾರು ಯಾವುದನ್ನು ನಂಬುತ್ತಾರೋ ಅದರ ಮೇಲೆ ಪ್ರಮಾಣ. ವಿವೇಕಾನಂದರೂ 1884ರಲ್ಲಿ, ಇನ್ನೂ ನರೇಂದ್ರನಾಥ ದತ್ತ ಆಗಿದ್ದಾಗ, ಕಲ್ಕತ್ತಾದ ಒಂದು ಲಾಡ್ಜಿಗೆ ಸೇರಿದ್ದರು. ಇದನ್ನು ಕೇಳಿ ಅಮ್ಮ ಮಾವನಿಗೆ ಇನ್ನೊಂದು ಲೋಟ ಕಾಫಿ ತಂದರು.

"ಅಲ್ಲಿ ಏನ್ ಮಾತಾಡ್ತೀರಿ ಮತ್ತೆ?"

ಧರ್ಮ, ರಾಜಕೀಯ ಎರಡೂ ಎತ್ತುವ ಹಾಗಿಲ್ಲವಂತೆ. ಲೆಕ್ಕಪತ್ರ ಓದುತ್ತಾರೆ, ದಾನಕ್ಕೆ ದುಡ್ಡು ಎತ್ತುತ್ತಾರೆ, ಕಲ್ಲು ಕೆತ್ತುವವರ ಹತಾರದ ಹೆಸರಲ್ಲಿ ನೀತಿ ಹೇಳುತ್ತಾರೆ, ಊಟ ಮಾಡುತ್ತಾರೆ. ನೋಡಿ, ಹಾಸನದಲ್ಲಿ ನಾಲ್ಕು ಜನ ಗಂಡಸರು ಎರಡು ಗಂಟೆ ಒಟ್ಟಿಗೆ ಕೂತು ರಾಜಕೀಯ ಎತ್ತದೇ ಎದ್ದು ಬಂದರು ಅಂದರೆ ಅದಕ್ಕಿಂತ ದೊಡ್ಡ ನಿಗೂಢ ನನಗಂತೂ ಗೊತ್ತಿಲ್ಲ. ಗುಟ್ಟು ಅಂತ ಮಾವ ಬಿಟ್ಟುಕೊಡದೇ ಇದ್ದದ್ದು ಕೈಕುಲುಕುವ ರೀತಿ ಒಂದನ್ನೇ. ಹಾಸನಾಂಬೆ ಗುಡಿ ವರ್ಷವಿಡೀ ಮುಚ್ಚಿದ್ದು ದೀಪಾವಳಿ ಸುತ್ತ ಕೆಲವು ದಿನ ಮಾತ್ರ ತೆರೆಯುತ್ತದೆ. ಅದಕ್ಕೆ ಸಾಲು ನಿಂತು ಕೈ ಮುಗಿಯುವ ನಾವು, ತಿಂಗಳಿಗೊಂದು ಸಂಜೆ ಬಾಗಿಲು ಹಾಕಿಕೊಳ್ಳುವ ಇವರ ಮೇಲೆ ಏನೇನು ಕಥೆ ಕಟ್ಟಿದ್ದೇವೆ!

"ನಾನೂ ಸೇರ್ಬೋದಾ?" ಅಮ್ಮ ಕೇಳಿದರು.

"ಹೆಂಗಸರಿಗಿಲ್ಲ ಅಕ್ಕ. ಇಂಗ್ಲೆಂಡಲ್ಲಿ ಹೆಂಗಸರದ್ದೇ ಬೇರೆ ಲಾಡ್ಜ್ ಇವೆ."

"ಹಂಗಾದ್ರೆ ಅಡುಗೆ ಯಾರ್ ಮಾಡ್ತಾರೆ?"

ಮಾವ ಮಾತು ತಿರುಗಿಸಿದರು. ನನಗೆ ಕೇಳಿದರೆ ಅವರ ಮೇಲೆ ಹೊರಿಸಿದ ದೂರುಗಳಲ್ಲಿ ಇದೊಂದೇ ನಿಜವಾದದ್ದು.

ತಿರುಗಿಸಿದ್ದು ಇತಿಹಾಸಕ್ಕೆ. 1717ರ ಜೂನ್ 24ರಂದು ಲಂಡನ್ನಿನ ನಾಲ್ಕು ಲಾಡ್ಜುಗಳು ಸೇರಿ ತಮ್ಮೆಲ್ಲರ ಮೇಲೆ ಒಂದು ಗ್ರ್ಯಾಂಡ್ ಲಾಡ್ಜ್ ಮಾಡಿಕೊಂಡವಂತೆ. ನಮ್ಮ ದೇಶಕ್ಕೇ ಅಂತ ಬೇರೆ ಗ್ರ್ಯಾಂಡ್ ಲಾಡ್ಜ್ ಆದದ್ದು 1961ರಲ್ಲಿ. ನಾನು ಊರಿನ ಮರ್ಯಾದೆಗೆ, ಬೇಲೂರಿನ ಗುಡಿ 1117ರದ್ದು, ಸರಿಯಾಗಿ ಆರುನೂರು ವರ್ಷ ಮುಂಚೆ, ನಮ್ಮ ಶಿಲ್ಪಿಗಳು ಗುಟ್ಟು ಇಡದೇ ಬಿರುದು ಸಮೇತ ಹೆಸರು ಕೆತ್ತಿ ಹೋಗಿದ್ದಾರೆ ಅಂದೆ. ಅಮ್ಮನ ಆಸಕ್ತಿ ಬೇರೆ ಕಡೆ ಇತ್ತು.

"ಲಂಡನ್ನಲ್ಲಿ ಎಲ್ಲಿ ಸೇರಿದ್ರು?"

ಮಾವ ಸ್ವಲ್ಪ ತಡವರಿಸಿ, "ಒಂದು ಹೆಂಡದಂಗಡೀಲಿ" ಅಂದರು. ಅದೂ ನಿಜವೇ. ಅಮ್ಮ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ.

ಮಾರನೇ ದಿನ ಮೇಸ್ತ್ರಿ ಬಂದ. ಬೆಂಗಳೂರಿಂದ ದೊಡ್ಡ ಮೇಸ್ತ್ರಿ ಬಂದು ಪುಕ್ಕಟೆ ಗೋಡೆ ಕಟ್ಟುತ್ತಿದ್ದಾರೆ ಅಂತ ಅಮ್ಮ ಎಲ್ಲೋ ಹೇಳಿದ್ದು ಅವನ ಕಿವಿಗೂ ಬಿದ್ದಿತ್ತು. ಮಾವನ ಬ್ಯಾಡ್ಜ್ ನೋಡಿ ಅವನಿಗೆ ಭಾರಿ ಗೌರವ ಬಂತು. ನಾಲ್ಕು ವರಸೆ ಇಟ್ಟಿಗೆ ಏರಿಸಿ, ಮಾವನ ಹತ್ತಿರ ಬಂದು ವಿನಯವಾಗಿ ಕೇಳಿದ:

"ಸಾರ್, ಒಂದ್ಸಲ ಗುಂಡು ಹಾಕ್ಬಿಡಾಣ್ವಾ?"

ಮಾವ ಎಡಕ್ಕೆ ಬಲಕ್ಕೆ ನೋಡಿ ದನಿ ತಗ್ಗಿಸಿ, "ಇಲ್ಲಿ ಬೇಡಪ್ಪ, ಅಕ್ಕ ಇದಾಳೆ. ಸಂಜೆ ನೋಡೋಣ" ಅಂದರು.

ಮೇಸ್ತ್ರಿ ಕೈಯಲ್ಲಿ ದಾರ, ದಾರದ ತುದಿಗೆ ಕಬ್ಬಿಣದ ಗುಂಡು ಸುಮ್ಮನೆ ತೂಗಾಡುತ್ತಿತ್ತು. ಅಡುಗೆಮನೆ ಕಿಟಕಿಯಿಂದ ಅಮ್ಮನ ದನಿ ಬಂತು: "ಮೊದ್ಲೇ ಹೇಳ್ನಿಲ್ವಾ ನಾನು? ಲಾಡ್ಜ್ ಅಂದ್ರೆ ಲಾಡ್ಜೇ."