ಅಪ್ಪ ಕಾಶಿಗೆ ಹೋಗಿದ್ದಾರೆ

1991ರ ಚಳಿಗಾಲದ ಒಂದು ಭಾನುವಾರ ಅಮೆರಿಕದಿಂದ ಮೈಸೂರಿಗೆ ಫೋನ್ ಮಾಡಿ, "ಅಮ್ಮ, ನಂಗೀಗ ಅನಿಮೆ ಹಿಡ್ಕೊಂಡಿದೆ" ಅಂದೆ. ಆಡಿದ್ದರಲ್ಲಿ ಅರ್ಧ ಮಾತು ಕಡಲಿಗೇ ಉದುರಿಹೋಗುತ್ತಿದ್ದ ಕಾಲ. ಅಮ್ಮನಿಗೆ ಕೇಳಿಸಿದ್ದು ಅನೀಮಿಯಾ. "ನಂಗೊತ್ತಿತ್ತು ಕಣೋ. ಬರೀ ಬ್ರೆಡ್ಡು ತಿಂದ್ರೆ ರಕ್ತ ಎಲ್ಲಿಂದ ಬರತ್ತೆ?" ಎಂದು ಶುರುಮಾಡಿದವರು ಕಾರ್ಡಿನಲ್ಲಿ ಉಳಿದಿದ್ದ ದುಡ್ಡು ಮುಗಿಯುವವರೆಗೂ ಖರ್ಜೂರ, ನುಗ್ಗೆಸೊಪ್ಪು, ಬೀಟ್‌ರೂಟ್ ಹೇಳಿದರು. ಅಷ್ಟು ದುಬಾರಿ ನುಗ್ಗೆಸೊಪ್ಪನ್ನು ನಾನು ಮುಂದೆಂದೂ ಕೊಂಡಿಲ್ಲ.

ಹಿಡಿದುಕೊಂಡದ್ದು ಮಾತ್ರ ನಿಜ, ಅನಿಮೆ ಅಂದರೆ ಜಪಾನಿನ ಕಾರ್ಟೂನಿನ ಹುಚ್ಚು. ನಾನು ಓದುತ್ತಿದ್ದ ಊರಿನಲ್ಲಿ ನವೆಂಬರ್ ಬಂತೆಂದರೆ ಸಂಜೆ ಐದಕ್ಕೇ ಕತ್ತಲೆ. ಶುಕ್ರವಾರ ರಾತ್ರಿ ಒಂದು ಹಳೇ ಕಟ್ಟಡದ ನೆಲಮಾಳಿಗೆಯಲ್ಲಿ ಬೆಳಕು ಕಂಡಿತು, ಪಿಜ್ಜಾದ ವಾಸನೆಯೂ ಬಂತು, ನುಗ್ಗಿದೆ. ಹದಿನೈದು ಜನ, ಚಕ್ರದ ಸ್ಟ್ಯಾಂಡಿನ ಮೇಲೆ ಒಂದು ಟಿವಿ. ಅದರಲ್ಲಿ ದೊಡ್ಡ ಕಣ್ಣಿನ ಹುಡುಗಿಯೊಬ್ಬಳು ಜಪಾನಿಯಲ್ಲಿ ಕಿರುಚುತ್ತಿದ್ದಳು. ಯಾರಿಗೂ ಜಪಾನಿ ಬರುತ್ತಿರಲಿಲ್ಲ. ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಯಕ್ಷಗಾನದ ಊರಿಗೆ ಮೊದಲ ಸಲ ಬಂದ ಘಟ್ಟದ ಮೇಲಿನವನಂತೆ ನಾನೂ ಕೂತೆ.

ಆ ನೆಲಮಾಳಿಗೆಗೂ ಒಂದು ವಂಶಾವಳಿ ಇತ್ತು. ಎಪ್ಪತ್ತರ ದಶಕದಲ್ಲಿ ಲಾಸ್ ಏಂಜಲೀಸಿನ ಜಪಾನಿ ಜನಕ್ಕಾಗಿ ಅಲ್ಲಿನ ಟಿವಿಯಲ್ಲಿ ದೈತ್ಯ ರೋಬಾಟುಗಳ ಧಾರಾವಾಹಿ ಬರುತ್ತಿತ್ತು. ವಿಸಿಆರ್ ಆಗಷ್ಟೇ ಮನೆಗಳಿಗೆ ಕಾಲಿಡುತ್ತಿತ್ತು. ವೈಜ್ಞಾನಿಕ ಕಥೆಗಳ ಹುಚ್ಚರು ಅದನ್ನು ರೆಕಾರ್ಡ್ ಮಾಡಿಕೊಂಡು ಒಟ್ಟಿಗೆ ಕೂತು ನೋಡತೊಡಗಿದರು. 1977ರಲ್ಲಿ ಫ್ರೆಡ್ ಪ್ಯಾಟನ್ ಮತ್ತು ಗೆಳೆಯರು ಸೇರಿ 'ಕಾರ್ಟೂನ್/ಫ್ಯಾಂಟಸಿ ಆರ್ಗನೈಸೇಷನ್' ಎಂಬ ಸಂಘ ಕಟ್ಟಿದರು. ಜಪಾನಿನಲ್ಲಿರುವ ಸ್ಟಾರ್ ಟ್ರೆಕ್ (ಅಮೆರಿಕದ ಟಿವಿ ಧಾರಾವಾಹಿ) ಅಭಿಮಾನಿಗೆ ಇಲ್ಲಿಂದ ಸ್ಟಾರ್ ಟ್ರೆಕ್ ಕ್ಯಾಸೆಟ್, ಅಲ್ಲಿಂದ ಇಲ್ಲಿಗೆ ಕಾರ್ಟೂನು. ಭತ್ತ ಕೊಟ್ಟು ರಾಗಿ ತರುವ ವ್ಯಾಪಾರ. ಎರಡೂ ದೇಶದ ಟಿವಿ ಪದ್ಧತಿ ಒಂದೇ ಎನ್‌ಟಿಎಸ್‌ಸಿ ಆದದ್ದರಿಂದ ಅಲ್ಲಿನ ಕ್ಯಾಸೆಟ್ ಇಲ್ಲಿ ನೆಟ್ಟಗೆ ಓಡುತ್ತಿತ್ತು. ಈ ಕೊನೆಯ ಸಂಗತಿಯನ್ನು ಗಮನವಿಟ್ಟು ಕೇಳಿಸಿಕೊಂಡಿದ್ದರೆ ಮುಂದೆ ನನ್ನ ಮಾನ ಉಳಿಯುತ್ತಿತ್ತು.

ನಮ್ಮ ನೆಲಮಾಳಿಗೆಯ ಸಂಘಕ್ಕೆ ಬರುತ್ತಿದ್ದದ್ದು ನಕಲಿನ ನಕಲಿನ ನಕಲು. ಒಂದೊಂದು ನಕಲಿಗೂ ಚಿತ್ರ ಒಂದು ಸುತ್ತು ಸವೆಯುತ್ತದೆ: ಮೊದಲು ಬಣ್ಣ ಗೆರೆ ದಾಟುತ್ತದೆ, ಆಮೇಲೆ ಮುಖದಿಂದ ಮೂಗು ಮಾಯವಾಗುತ್ತದೆ (ಅನಿಮೆಯಲ್ಲಿ ಮೂಗು ಮೊದಲೇ ಕಡಿಮೆ). ಜಾಣರು ಎಲ್ಲೆಲ್ಲೋ ಅಮಿಗಾ ಕಂಪ್ಯೂಟರಿಗೆ ಜೆನ್‌ಲಾಕ್ ಎಂಬ ಪೆಟ್ಟಿಗೆ ಸಿಕ್ಕಿಸಿ ಚಿತ್ರದ ಮೇಲೆ ಇಂಗ್ಲಿಷ್ ಅಕ್ಷರ ಕೂರಿಸುತ್ತಿದ್ದರು. ಖಾಲಿ ಕ್ಯಾಸೆಟ್ಟನ್ನೂ ಅಂಚೆಚೀಟಿ ಹಚ್ಚಿದ ಲಕೋಟೆಯನ್ನೂ ಕಳಿಸಿದರೆ ತುಂಬಿಸಿ ವಾಪಸ್ ಕಳಿಸುವ ಪುಣ್ಯಾತ್ಮರಿದ್ದರು. ಆ ಸಾಲಿನಲ್ಲಿ ನಮ್ಮ ಸರದಿ ಬರುವಷ್ಟರಲ್ಲಿ ಸೆಮಿಸ್ಟರ್ ಮುಗಿಯುತ್ತಿತ್ತು. ಹಾಗಾಗಿ ಕಥೆಯ ಸಾರಾಂಶದ ಜೆರಾಕ್ಸ್ ಕೈಯಲ್ಲಿ ಹಿಡಿದು, ಒಬ್ಬ ಟಿವಿ ಪಕ್ಕ ನಿಂತು ಹೇಳುವುದು ರೂಢಿ.

ಒಂದು ಶುಕ್ರವಾರ ಕ್ಯಾಸೆಟ್ ಬಂತು, ಜೆರಾಕ್ಸ್ ಬರಲಿಲ್ಲ. ರೂಮಿಯೋ ತಕಾಹಾಶಿ ಎಂದು ನಮ್ಮ ಅಧ್ಯಕ್ಷ ತಪ್ಪಾಗಿ ಕರೆಯುತ್ತಿದ್ದ ಜಪಾನಿ ಕಾಮಿಕ್ಸ್ ಕಲಾವಿದೆ ರುಮಿಕೊ ತಕಾಹಾಶಿಯವರ ಕಥೆ 'ರಾನ್ಮಾ ½'. "ನೀನು ಏಷ್ಯಾದವನಲ್ಲವಾ, ನೀನೇ ಹೇಳು" ಅಂದ. ಜಪಾನಿಗೂ ನನಗೂ ಇದ್ದ ಸಂಬಂಧ ಅಪ್ಪನ ಸ್ಕೂಟರ್ ಪಕ್ಕ ಒಮ್ಮೆ ನಿಂತಿದ್ದ ಸುಜುಕಿ ಬೈಕ್ ಒಂದೇ. ಆದರೆ ನಮ್ಮ ತಾತ ರಾಮೋತ್ಸವದಲ್ಲಿ ಹರಿಕಥೆ ಮಾಡುತ್ತಿದ್ದವರು. ರಕ್ತ ಸುಮ್ಮನಿರುತ್ತದೆಯೆ? ಎದ್ದು ನಿಂತೆ.

ಮಳೆ. ಬೀದಿಯಲ್ಲಿ ಒಬ್ಬ ಹುಡುಗಿಗೂ ಪಾಂಡಾಕ್ಕೂ ಹೊಡೆದಾಟ. "ಸರ್ಕಸ್ಸಿನಿಂದ ತಪ್ಪಿಸಿಕೊಂಡಿದೆ" ಎಂದು ಘೋಷಿಸಿದೆ. ಮುಂದೆ ಅದೇ ಮುಖದ, ಅದೇ ಜಡೆಯ ಹುಡುಗ ಬಂದ. "ಅವಳಿ ಜವಳಿ. ಜಾತ್ರೆಯಲ್ಲಿ ಕಳೆದುಹೋಗಿದ್ದರು." ಕನ್ನಡ ಸಿನಿಮಾ ನೋಡಿ ಬೆಳೆದವನಿಗೆ ಇಷ್ಟು ಗೊತ್ತಾಗುವುದಿಲ್ಲವೆ! ಕನ್ನಡಕದ ಗಂಡಸೊಬ್ಬ ಬಂದಾಗ ಅವನನ್ನು ಅಪ್ಪ ಮಾಡಿದೆ. ಇಲ್ಲಿಯವರೆಗೂ ಚೆನ್ನಾಗಿತ್ತು. ಆದರೆ ಆ ಮನುಷ್ಯ ಇದ್ದಕ್ಕಿದ್ದಂತೆ ಮಾಯವಾದ. "ಎಲ್ಲಿ ಹೋದ?" ಎಂದು ಹಿಂದಿನಿಂದ ಪ್ರಶ್ನೆ. ಬಾಯಿಗೆ ಬಂದದ್ದು ತಾತನ ಕಾಲದಿಂದ ಬಂದ ಉತ್ತರವೇ: "ಕಾಶಿಗೆ."

ಅಪ್ಪ ವಾಪಸ್ ಬಂದ, ಮತ್ತೆ ಮಾಯವಾದ. ಒಂದೇ ಸಂಜೆ ಆ ಬಡಪಾಯಿಗೆ ನಾಲ್ಕು ಸಲ ಕಾಶಿಯಾತ್ರೆ ಮಾಡಿಸಿದೆ. ಅವನು ಹೋದ ಮರುಕ್ಷಣ ಪಾಂಡಾ ಪ್ರತ್ಯಕ್ಷವಾಗುತ್ತಿತ್ತು. ಮನೆ ಕಾಯಲು ಬಿಟ್ಟು ಹೋಗಿದ್ದಾನೆ ಅಂದೆ. ಒಬ್ಬ ಹುಡುಗ ನೋಟ್‌ಬುಕ್ಕಿನಲ್ಲಿ 'ಕಾಶಿ' ಎಂದು ಬರೆದುಕೊಂಡ. ವಾರವಿಡೀ ಜಪಾನಿನ ಭೂಪಟದಲ್ಲಿ ಅದನ್ನು ಹುಡುಕಿದನಂತೆ.

ಮೂರು ವಾರದ ಮೇಲೆ ಜೆರಾಕ್ಸ್ ಬಂತು. ಚೀನಾದ ಶಾಪಗ್ರಸ್ತ ಕೊಳಗಳಲ್ಲಿ ಬಿದ್ದವರ ಕಥೆ ಅದು. ತಣ್ಣೀರು ತಾಗಿದರೆ ಹುಡುಗ ಹುಡುಗಿಯಾಗುತ್ತಾನೆ, ಅಪ್ಪ ಪಾಂಡಾ ಆಗುತ್ತಾನೆ. ಬಿಸಿನೀರು ಬಿದ್ದರೆ ಮೊದಲಿನಂತೆ. ಪಾಂಡಾವೇ ಅಪ್ಪ! ಶಿವನ ವನ ಹೊಕ್ಕು ಹೆಣ್ಣಾಗಿ, ತಿಂಗಳು ಗಂಡು ತಿಂಗಳು ಹೆಣ್ಣು ಎಂದು ಬಾಳಿದ ಇಳನ ಕಥೆಯನ್ನು ತಾತನ ಬಾಯಲ್ಲೇ ಕೇಳಿದ್ದೆ. ಹೊಳೆಯಲೇ ಇಲ್ಲ. ಅಂದಿನಿಂದ ಸಂಘದಲ್ಲಿ ಯಾರಾದರೂ ಗೈರುಹಾಜರಾದರೆ "ಕಾಶಿಗೆ ಹೋಗಿದ್ದಾನೆ" ಎನ್ನುವುದು ವಾಡಿಕೆಯಾಯಿತು.

ಕಥೆ ಹೇಳುವ ಕೆಲಸ ಹೋಯಿತು, ಕ್ಯಾಸೆಟ್ ನಕಲು ಮಾಡುವ ಕೆಲಸ ಸಿಕ್ಕಿತು. ಎರಡು ವಿಸಿಆರ್, ಒಂದು ವೈರು. ಇದರಲ್ಲಿ ಏನು ಕೆಡಿಸಲು ಸಾಧ್ಯ? ಕ್ಯಾಸೆಟ್ಟಿನ ಬೆನ್ನಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಚೂರಿರುತ್ತದೆ. ಅದನ್ನು ಮುರಿದರೆ ಆಮೇಲೆ ಅದರ ಮೇಲೆ ಏನೂ ರೆಕಾರ್ಡ್ ಆಗುವುದಿಲ್ಲ. ಹಾಸನದ ನನ್ನ ರೂಮ್‌ಮೇಟ್ ತನ್ನ ಕ್ಯಾಸೆಟ್ಟಿನಲ್ಲಿ ಅದನ್ನು ಮುರಿದಿರಲಿಲ್ಲ, ಚೀಟಿಯನ್ನೂ ಅಂಟಿಸಿರಲಿಲ್ಲ. ಮುಂದಿನ ಶುಕ್ರವಾರ ರೋಬಾಟುಗಳ ಯುದ್ಧ ಮುಗಿದು, ಎರಡು ಕ್ಷಣ ಪರದೆಯ ಮೇಲೆ ಚುಕ್ಕೆ ಕುಣಿದು, ಧಡಕ್ಕನೆ ನಾದಸ್ವರ ಕೇಳಿತು. ಅವನ ಅಕ್ಕನ ಮದುವೆ. ದುಡ್ಡು ಸುರಿದು ಅಮೆರಿಕದ ಪದ್ಧತಿಗೆ ಬದಲಾಯಿಸಿಕೊಂಡ ಕ್ಯಾಸೆಟ್. ಧಾರೆಯ ಭಾಗವನ್ನು ರೋಬಾಟುಗಳು ನುಂಗಿದ್ದವು, ಉಳಿದದ್ದು ಊಟದ ಪಂಕ್ತಿ. ನಾನು ಎದ್ದು ನಿಲ್ಲಿಸುವಷ್ಟರಲ್ಲಿ "ಇರಲಿ, ಇರಲಿ" ಎಂದರು. ಹತ್ತು ನಿಮಿಷ ಹದಿನೈದು ಅಮೆರಿಕನ್ನರು, ಬಾಳೆಎಲೆಯ ಮುಂದೆ ಕೂತ ಯಾರದೋ ಭಾವ ಹೋಳಿಗೆ ಬೇಡ ಬೇಡ ಎನ್ನುತ್ತ ನಾಲ್ಕು ಹಾಕಿಸಿಕೊಳ್ಳುವುದನ್ನು ಕಣ್ಣು ಮಿಟುಕಿಸದೆ ನೋಡಿದರು. ಸಬ್‌ಟೈಟಲ್ ಯಾವಾಗ ಬರುತ್ತದೆ ಎಂದು ಒಬ್ಬ ಕೇಳಿದ. ರೂಮ್‌ಮೇಟ್ ನನ್ನೊಡನೆ ಮಾತಾಡಿದ್ದು ಯುಗಾದಿ ಕಳೆದ ಮೇಲೆ.

1993ರ ಡಿಸೆಂಬರಿನಲ್ಲಿ ರಜಕ್ಕೆ ಮೈಸೂರಿಗೆ ಹೋದಾಗ ಇರುವುದರಲ್ಲೇ ಒಳ್ಳೆಯ ಕ್ಯಾಸೆಟ್ಟನ್ನು ಸೀರೆಗಳ ನಡುವೆ ಸುತ್ತಿ ತಂದೆ. ಬಾಡಿಗೆಗೆ ವಿಸಿಆರ್ ಬಂತು, ಬೀದಿಯವರೂ ಬಂದರು. ನಮ್ಮ ದೇಶದ ಟಿವಿಯದು ಆಗ ಪಾಲ್ ಪದ್ಧತಿ, ಚಿತ್ರ 625 ಗೆರೆಯದು. ನನ್ನ ಕ್ಯಾಸೆಟ್ 525 ಗೆರೆಯದು. ಪರದೆಯ ಮೇಲೆ ಬಣ್ಣವಿಲ್ಲದ ಏನೋ ಒಂದು ಮೇಲಕ್ಕೆ ಉರುಳುತ್ತಲೇ ಹೋಯಿತು. ಪಕ್ಕದ ಮನೆ ಮೇಷ್ಟ್ರು ಮರುಕದಿಂದ, "ಅಮೆರಿಕಾದಲ್ಲಿ ಇನ್ನೂ ಬ್ಲ್ಯಾಕ್ ಅಂಡ್ ವೈಟೇನಪ್ಪ?" ಅಂದರು. ಅಮ್ಮ ಎಲ್ಲರಿಗೂ ಕಾಫಿ ಕೊಟ್ಟು, ನನಗೆ ಮಾತ್ರ ಖರ್ಜೂರದ ತಟ್ಟೆ ಕೊಟ್ಟರು.

ಮರುದಿನ ಭಾನುವಾರ. ದೂರದರ್ಶನದಲ್ಲಿ ಚಡ್ಡಿ ತೊಟ್ಟ ಹುಡುಗನೊಬ್ಬ ಕಾಡಿನಲ್ಲಿ ಜಿಗಿಯುತ್ತಿದ್ದ. ಅಕ್ಕನ ಮಗಳು, ಎದುರು ಮನೆ ಮಕ್ಕಳು, ಅಮ್ಮ ಎಲ್ಲರೂ ಟಿವಿ ಮುಂದೆ. ಆ ಕಣ್ಣುಗಳನ್ನು ನೋಡಿದ್ದೇ ನಾನು ಕೂಗಿಕೊಂಡೆ: "ಇದು ಜಪಾನಿಂದು! 1989ರಲ್ಲಿ ನಿಪ್ಪಾನ್ ಅನಿಮೇಷನ್ ಮಾಡಿದ್ದು, 52 ಕಂತು! ಇದೇ ಅನಿಮೆ!"

"ಮಾಮ, ಸ್ವಲ್ಪ ಸುಮ್ನಿರು" ಎಂದಳು ಅಕ್ಕನ ಮಗಳು. "ಮೋಗ್ಲಿ ಹಿಂದೀಲಿ ಮಾತಾಡ್ತಾನೆ."

ಅಮ್ಮನಿಗೆ ಹಿಂದಿ ಬಾರದು. ಆ ಏಳು ವರ್ಷದವಳಿಗೂ ಬಾರದು. ಆದರೂ ಟಿವಿ ಪಕ್ಕ ನಿಂತು ಕೈ ಬೀಸುತ್ತ ಅಜ್ಜಿಗೆ ಕಥೆ ಹೇಳುತ್ತಿದ್ದಳು.

"ಈ ಕರಡಿ ಯಾರೇ?" ಅಮ್ಮ ಕೇಳಿದರು.

"ಅದಾ? ಮೋಗ್ಲಿ ಅಪ್ಪ."

ತಿದ್ದಲು ಬಾಯಿ ತೆರೆದವನು ಒಂದು ಖರ್ಜೂರ ಹಾಕಿಕೊಂಡು ಸುಮ್ಮನಾದೆ. ಕರಡಿ ವಿಷಯದಲ್ಲಿ ಒಮ್ಮೆ ಕೆಟ್ಟವನು ನಾನು.