ಪೂಲ್ ಕ್ಯೂ ಮಾಡಿಸುವಾಗ ಅವಸರ ಬೇಡ, ಪ್ರಶ್ನೆ ಇರಲಿ

ಇಲ್ಲಿ ಅಮೆರಿಕದಲ್ಲಿ ಪೂಲ್ (ಬಿಲಿಯರ್ಡ್ಸ್ ತರಹದ ಮೇಜಿನ ಆಟ) ಆಡುವ ಕನ್ನಡದವರು ಸಿಕ್ಕಾಗ ಒಂದಲ್ಲ ಒಂದು ಸಲ ಈ ಮಾತು ಬಂದೇ ಬರುತ್ತದೆ. ಅಂಗಡಿಯಲ್ಲಿ ಸಿಗುವ ಕ್ಯೂ, ಅಂದರೆ ಚೆಂಡು ಹೊಡೆಯುವ ಕೋಲು, ಚೆನ್ನಾಗೇ ಇದೆಯಲ್ಲ, ಒಬ್ಬರೇ ಕೂತು ಲೇತ್ ಮೇಲೆ ತಿರುಗಿಸಿ ಮಾಡಿಕೊಡುವವರಿಗೆ ಅಷ್ಟು ದುಡ್ಡು ಕೊಟ್ಟು, ಅಷ್ಟು ದಿನ ಕಾದು ಯಾಕೆ ತಗೋಬೇಕು? ನೇರವಾಗಿ ಹೇಳಿಬಿಡುತ್ತೇನೆ, ಆಟ ಸುಧಾರಿಸಲಿ ಅಂತ ಮಾಡಿಸುವುದಾದರೆ ಬೇಡ. ಕಾರ್ಖಾನೆಯ ಕ್ಯೂ, ಅದರಲ್ಲೂ ಈಗಿನ ಕಾರ್ಬನ್ ಫೈಬರ್ ಶಾಫ್ಟ್ (ಕ್ಯೂನ ಮುಂದಿನ ತೆಳ್ಳಗಿನ ಭಾಗ), ಆಟಕ್ಕೆ ಏನೂ ಕಡಿಮೆಯಿಲ್ಲ. ಆದರೆ ನನ್ನ ಕೈಗೆ ಹೊಂದಬೇಕು, ಮಾಡಿದವರು ಯಾರು ಅಂತ ಗೊತ್ತಿರಬೇಕು, ಏನಾದರೂ ಕೆಟ್ಟರೆ ಅವರ ಹತ್ತಿರವೇ ಒಯ್ಯಬೇಕು ಅನ್ನುವವರು ಖಂಡಿತ ಮಾಡಿಸಿಕೊಳ್ಳಲಿ. ಅದರ ಖುಷಿಯೇ ಬೇರೆ.

ಮಾಡಿಸುವಾಗ ಮಾತ್ರ ನಮ್ಮ ಊರಿನ ಒಂದು ಅಭ್ಯಾಸ ಬಿಡಬೇಕಾಗುತ್ತದೆ. ಬಾಗಿಲಿಗೋ ಮಂಚಕ್ಕೋ ಆಚಾರ್ರನ್ನು ಕರೆಸಿದರೆ ನಾವು ಪಕ್ಕದಲ್ಲೇ ನಿಂತಿರುತ್ತೇವೆ. ಅರ್ಧ ಕೆಲಸ ಆದಮೇಲೆ ಇಲ್ಲೊಂದು ಹೂವು ಬರಲಿ ಅನ್ನುತ್ತೇವೆ, ದಿನಾ ಬೆಳಿಗ್ಗೆ ಯಾವಾಗ ಮುಗಿಯುತ್ತೆ ಅಂತ ಕೇಳುತ್ತೇವೆ, ಕೊನೆಗೆ ಲೆಕ್ಕ ಕೊಡುವಾಗ ಒಂದಿಷ್ಟು ಮುರಿದುಕೊಂಡು ಕೊಡುತ್ತೇವೆ. ಕ್ಯೂ ಮಾಡುವವರ ಹತ್ತಿರ ಇದು ನಡೆಯುವುದಿಲ್ಲ. ನಡೆಯಲೂಬಾರದು.

ಯಾಕೆ ಅಂದರೆ, ಅಲ್ಲಿ ತಡ ಆಗುವುದು ಮರದಿಂದ. ಇವರು ಮಾಡುವ ಶಾಫ್ಟ್ ಸಾಮಾನ್ಯವಾಗಿ ಗಟ್ಟಿ ಮೇಪಲ್ ಮರದ್ದು. ಅದನ್ನು ಒಂದೇ ಸಲ ಬೇಕಾದ ಅಳತೆಗೆ ತಿರುಗಿಸಿಬಿಟ್ಟರೆ ಒಳಗಿನ ಬಿಗಿತ ಸಡಿಲವಾಗಿ ಮರ ಡೊಂಕಾಗುತ್ತದೆ. ಅದಕ್ಕೇ ಒಂದು ಸುತ್ತು ಸ್ವಲ್ಪ ತೆಗೆದು, ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ ನೇತುಹಾಕಿ ಬಿಡುತ್ತಾರೆ. ಮರ ತನಗೆ ಬೇಕಾದಷ್ಟು ತಿರುಚಿಕೊಳ್ಳಲಿ ಅಂತ. ಆಮೇಲೆ ಇನ್ನೊಂದು ಸುತ್ತು. ಮಧ್ಯದಲ್ಲಿ ಸೊಟ್ಟಗಾದದ್ದನ್ನು ಎಸೆಯುತ್ತಾರೆ. ಕೊನೆಗೆ ತುದಿಯಲ್ಲಿ ಉಳಿಯುವುದು 13 ಮಿಲಿಮೀಟರ್ ದಪ್ಪ, ಕೆಲವರಿಗೆ ಅದಕ್ಕಿಂತ ಕಡಿಮೆ. ಅಷ್ಟು ಸಣ್ಣದಾದ ಮರ ಹತ್ತು ವರ್ಷ ನೆಟ್ಟಗಿರಬೇಕು ಅಂದರೆ ಬೇಗ ಕೊಡಿ ಅನ್ನುವ ಮಾತಿಗೆ ಅರ್ಥವೇ ಇಲ್ಲ, ಅಲ್ವಾ?

ಚೌಕಾಸಿಯೂ ಹಾಗೇ. ಬೆಲೆ ಜಾಸ್ತಿ ಅನಿಸಿದರೆ ಕುಸುರಿ ಕಡಿಮೆ ಮಾಡಿಸಿ. ಅಲಂಕಾರವೇ ಇಲ್ಲದ ಕ್ಯೂ ಅದೇ ಕೈಯಿಂದ ಬಂದಿದ್ದರೆ ಆಟದಲ್ಲಿ ಚೂರೂ ಹಿಂದೆ ಬೀಳುವುದಿಲ್ಲ.

ಇನ್ನು ಪ್ರಶ್ನೆ ಕೇಳುವ ಅಭ್ಯಾಸ. ಅದನ್ನು ದಯವಿಟ್ಟು ಬಿಡಬೇಡಿ. ಇಲ್ಲಿನವರು ಅನೇಕರು ಸಂಕೋಚಪಟ್ಟು, ದೊಡ್ಡ ಹೆಸರು ಅಂತ ಸುಮ್ನೆ ಒಪ್ಪಿಕೊಂಡು ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ನಾವು ಕೇಳೋಣ. ಯಾವ ಭಾಗ ನೀವೇ ಮಾಡುತ್ತೀರಿ, ಯಾವುದನ್ನು ಹೊರಗಿಂದ ತರಿಸುತ್ತೀರಿ? ಇದು ಅವಮಾನದ ಪ್ರಶ್ನೆ ಅಲ್ಲವೇ ಅಲ್ಲ. ಜಾರ್ಜ್ ಬಲಬುಷ್ಕಾ ಹೆಸರು ಪೂಲ್ ಆಡುವವರೆಲ್ಲ ಕೇಳಿರುತ್ತಾರೆ. 1912ರಲ್ಲಿ ರಷ್ಯಾದಲ್ಲಿ ಹುಟ್ಟಿ, 1924ರಲ್ಲಿ ಅಮೆರಿಕಕ್ಕೆ ಬಂದು, ಮರಗೆಲಸ ಮಾಡಿಕೊಂಡಿದ್ದು, 1959ರಲ್ಲಿ ಕ್ಯೂ ಮಾಡಲು ಶುರುಮಾಡಿದವರು. 1975ರಲ್ಲಿ ತೀರಿಕೊಂಡರು. ಅವರು ಕೂಡ ಮೊದಲು ಬ್ರನ್ಸ್‌ವಿಕ್ ಕಂಪನಿಯ ಟೈಟ್ಲಿಸ್ಟ್ ಕ್ಯೂಗಳ ಮರವನ್ನೇ ತಗೊಂಡು ಕೆಲಸ ಮಾಡಿದರು, ಆಮೇಲೆ ಬರ್ಟನ್ ಸ್ಪೇನ್, ಗಸ್ ಸಾಂಬೋಟಿ ಎಂಬ ಬೇರೆ ಕ್ಯೂ ತಯಾರಕರ ಹತ್ತಿರ ಜೋಡಿಸಿದ ಮರ ತರಿಸಿಕೊಂಡರು. ಅದರಿಂದ ಅವರ ಹೆಸರಿಗೇನೂ ಕುಂದು ಬರಲಿಲ್ಲ. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಹೇಳುವವರನ್ನು ನಂಬಬಹುದು, ಕೇಳಿದ ಕೂಡಲೇ ಮುಖ ಗಂಟಿಕ್ಕುವವರ ಹತ್ತಿರ ನಾನಂತೂ ದುಡ್ಡು ಕೊಡುವುದಿಲ್ಲ.

ಹಾಗೇ ಅವರು ಮೊದಲು ಮಾಡಿದ ಒಂದು ಕ್ಯೂ ಕೈಗೆ ತಗೊಂಡು ನೋಡಿ. ಫೋಟೋ ಸಾಲದು. ಹಿಡಿಯ ಮೇಲ್ಭಾಗದಲ್ಲಿ ಚೂಪಾಗಿ ಮೇಲಕ್ಕೇರುವ ಮೂಲೆಗಳಿರುತ್ತವಲ್ಲ, ಪಾಯಿಂಟ್ ಅನ್ನುತ್ತಾರೆ, ಅವುಗಳ ತುದಿ ಎಲ್ಲವೂ ಒಂದೇ ಎತ್ತರಕ್ಕೆ ನಿಲ್ಲುತ್ತವೆಯೇ ಅಂತ ಕ್ಯೂ ತಿರುಗಿಸುತ್ತಾ ನೋಡಿ. ಮರಕ್ಕೆ ಮರ ಕಚ್ಚಿಸಿ ಜೋಡಿಸಿದ ಪಾಯಿಂಟ್ ಸೂಜಿಯ ಹಾಗೆ ಮುಗಿಯುತ್ತದೆ. ಕಂಪ್ಯೂಟರ್ ಯಂತ್ರದಲ್ಲಿ ಕೊರೆದು ಕೂರಿಸಿದ್ದಾದರೆ ಕೊರೆಯುವ ಬಿಟ್ ದುಂಡಗಿರುವುದರಿಂದ ಒಳಮೂಲೆಯೂ ತುಸು ದುಂಡಗಾಗುತ್ತದೆ, ಅದನ್ನು ಕೈಯಿಂದ ಚೂಪು ಮಾಡಿದ್ದಾರೋ ಹಾಗೇ ಬಿಟ್ಟಿದ್ದಾರೋ ಅನ್ನುವುದರಲ್ಲಿ ಮಾಡಿದವರ ತಾಳ್ಮೆ ಗೊತ್ತಾಗುತ್ತದೆ. ಕರಿಮರದಲ್ಲಿ ಸಂದಿಗೆ ಕಪ್ಪು ಅಂಟು ತುಂಬಿದರೆ ಕಾಣುವುದಿಲ್ಲ, ಬಿಳಿ ಮೇಪಲ್‌ನಲ್ಲಿ ತಕ್ಷಣ ಕಾಣುತ್ತದೆ, ಹಾಗಾಗಿ ಬಿಳಿ ಮರದ ಕೆಲಸವನ್ನೇ ತೋರಿಸಿ ಅಂತ ಕೇಳಿ. ಮೈಸೂರಿನ ಬೀಟೆ ಮರದ ಕುಸುರಿ ನೋಡಿ ಬೆಳೆದವರಿಗೆ ಈ ಸಂದಿ ಹುಡುಕುವುದು ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ.

ಬೀಟೆ ಅಂದಾಗ ನೆನಪಾಯಿತು. ಇಲ್ಲಿ ಕ್ಯೂಗಳಿಗೆ ತುಂಬ ಬಳಸುವ ಕೊಕೊಬೊಲೊ ನಮ್ಮ ಬೀಟೆಯ ದಾಯಾದಿ. 2017ರಿಂದ ಈ ಕುಲದ ಮರಗಳೆಲ್ಲ ಸೈಟಿಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ) ಒಪ್ಪಂದದ ಕೆಳಗೆ ಬಂದಿವೆ. ಊರಿಗೆ ಹೋಗುವಾಗ ಕ್ಯೂ ಜೊತೆಗೆ ಒಯ್ಯುವ ಯೋಚನೆ ಇದ್ದರೆ ಯಾವ ಯಾವ ಮರ ಹಾಕಿದ್ದಾರೆ ಅಂತ ಬರೆಸಿಕೊಂಡು ನಿಯಮ ನೋಡಿಕೊಳ್ಳಿ. ಹಳೆಯ ಕ್ಯೂ ಕೊಳ್ಳುವವರು ಇನ್ನೂ ಎಚ್ಚರವಾಗಿರಬೇಕು, ಹಿಂದಿನ ಕಾಲದಲ್ಲಿ ತುದಿಗೂ, ಕ್ಯೂನ ಎರಡು ಭಾಗ ಕೂಡುವ ಜಾಯಿಂಟಿಗೂ ಆನೆ ದಂತ ಹಾಕುತ್ತಿದ್ದರು. 2016ರಲ್ಲಿ ಅಮೆರಿಕ ಆಫ್ರಿಕಾದ ಆನೆ ದಂತದ ವ್ಯಾಪಾರವನ್ನು ಬಹುಮಟ್ಟಿಗೆ ನಿಲ್ಲಿಸಿತು. ದಂತದ ಕ್ಯೂ ಗಡಿ ದಾಟಿಸುವ ಸಾಹಸ ಬೇಡವೇ ಬೇಡ. ದಂತ ಇಲ್ಲದೆಯೂ ಕ್ಯೂ ಚೆನ್ನಾಗೇ ಆಡುತ್ತದೆ, ಆನೆ ಬದುಕಿರಲಿ.

ಮಾತು ಮುಗಿದ ಮೇಲೆ ಎಲ್ಲವೂ ಬರಹದಲ್ಲಿರಲಿ. ತೂಕ ಎಷ್ಟು ಔನ್ಸ್ (ಸಾಮಾನ್ಯವಾಗಿ 18ರಿಂದ 21ರೊಳಗೆ), ಉದ್ದ 58 ಅಂಗುಲವೋ ಬೇರೆಯೋ, ಜಾಯಿಂಟ್ ಯಾವುದು, ಹಿಡಿಗೆ ಲಿನನ್ ನೂಲೋ ಚರ್ಮವೋ ಬರೀ ಮರವೋ, ಅಡ್ವಾನ್ಸ್ ಎಷ್ಟು, ಅವರು ಮಾಡಲು ಆಗದಿದ್ದರೆ ಅದು ವಾಪಸ್ ಬರುತ್ತದೆಯೋ ಇಲ್ಲವೋ. ಬಾಯಿಮಾತಿನ ನಂಬಿಕೆ ನಮ್ಮಲ್ಲಿ ದೊಡ್ಡದು, ನನಗೂ ಅದರ ಮೇಲೆ ಗೌರವವಿದೆ. ಆದರೆ ಒಬ್ಬರೇ ನಡೆಸುವ ಅಂಗಡಿಯಲ್ಲಿ ಅವರಿಗೆ ಕಾಯಿಲೆ ಬಂದರೆ ಕೆಲಸವೆಲ್ಲ ನಿಲ್ಲುತ್ತದೆ, ಆಗ ಬರಹ ಇದ್ದರೆ ಅವರ ಮನೆಯವರಿಗೂ ಅನುಕೂಲ.

ಅದರಲ್ಲೇ ಎರಡು ಶಾಫ್ಟ್ ಅಂತ ಸೇರಿಸಿಬಿಡಿ. ಆಮೇಲೆ ಮಾಡಿಸಿದರೆ ಜಾಯಿಂಟಿನ ಉಂಗುರದ ಬಣ್ಣ, ಶಾಫ್ಟ್‌ನ ತೂಕ ಮೊದಲಿನದಕ್ಕೆ ಸರಿಹೊಂದುವುದು ಕಷ್ಟ. ಒಟ್ಟಿಗೆ ಮಾಡಿದ್ದಾದರೆ ಒಂದರ ಟಿಪ್ (ಚೆಂಡಿಗೆ ತಗಲುವ ತುದಿಯ ಚರ್ಮದ ಬಿಲ್ಲೆ) ಕಿತ್ತುಬಂದ ದಿನ ಇನ್ನೊಂದನ್ನು ಹಾಕಿಕೊಂಡು ಆಟ ಮುಂದುವರಿಸಬಹುದು.