ಅವರಿಗೆಷ್ಟು ಎಂಬ ಲೆಕ್ಕ

2016ರ ಸೆಪ್ಟೆಂಬರ್ 12ರ ಸಂಜೆ. ಚೆನ್ನೈನ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ನಿಲ್ಲಿಸಿದ್ದ ನನ್ನ ಕಾರಿಗೆ ಯಾರೋ ಟಾರ್ಪಾಲು ಹೊದಿಸುತ್ತಿದ್ದರು. ಹತ್ತಿರ ಹೋದರೆ ಎರಡನೇ ಮಹಡಿಯ ಹಿರಿಯರು. ಕಾವೇರಿ ನೀರಿನ ಜಗಳಕ್ಕೆ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಹೊತ್ತಿ ಉರಿಯುವುದನ್ನು ಟಿವಿಯಲ್ಲಿ ನೋಡಿ ಇಳಿದು ಬಂದಿದ್ದರು. ‘ಕೆಎ’ ಎಂಬ ಎರಡಕ್ಷರ ಕಾಣದಂತೆ ಅಂಚನ್ನು ಬಂಪರಿಗೆ ಬಿಗಿದು ಕಟ್ಟಿ, ಸೊಂಟ ಹಿಡಿದುಕೊಂಡು ಎದ್ದರು. ಎದ್ದವರು ನನ್ನ ಬಾಯಿಗೆ ಬಂದ ಧನ್ಯವಾದವನ್ನೂ ಕೇಳಿಸಿಕೊಳ್ಳದೆ, ನೀವು ನೀರು ಬಿಡದೆ ತಂಜಾವೂರಿನ ರೈತರ ಗಂಟಲು ಒಣಗಿಸುತ್ತಿದ್ದೀರಿ ಎಂದು ಕಾಲು ಗಂಟೆ ಬೈದರು.

ನಾನು ಮಂಡ್ಯದ ಕಡೆಯವನು. ಸುಮ್ಮನೆ ಬೈಸಿಕೊಳ್ಳುವ ಜಾಯಮಾನದವನಲ್ಲ. ಆದರೆ ಟಾರ್ಪಾಲು ಕಟ್ಟಿಕೊಟ್ಟವರೊಂದಿಗೆ ಜಗಳಕ್ಕೆ ನಿಲ್ಲುವುದು ಹೇಗೆ?

ಅವರು ಇಳಿದು ಬಂದದ್ದರ ಕಾರಣ ಒಂಬತ್ತು ತಿಂಗಳು ಹಿಂದಿತ್ತು. 2015ರ ಡಿಸೆಂಬರಿನ ಪ್ರವಾಹದಲ್ಲಿ ನಮ್ಮ ಕುಡಿಯುವ ನೀರಿನ ಸಂಪ್‌ಗೆ ಚರಂಡಿ ನೀರು ನುಗ್ಗಿತ್ತು. ಕರೆಂಟಿಲ್ಲ, ಮೋಟಾರಿಲ್ಲ. ಅವರೂ ನಾನೂ ಎರಡು ದಿನ ಬಕೆಟ್ಟಿನಲ್ಲಿ ಆ ಕೊಳಕನ್ನು ಎತ್ತಿ ಸುರಿದಿದ್ದೆವು. ಇಂಥದೇ ಒಂದು ಪ್ರಯೋಗ ನೆನಪಾಗುತ್ತದೆ. 1954ರಲ್ಲಿ ಮುಜಫರ್ ಶೆರಿಫ್ ಎಂಬ ಮನೋವಿಜ್ಞಾನಿ ಅಮೆರಿಕದ ಒಕ್ಲಹೋಮದಲ್ಲಿ ಹನ್ನೊಂದರ ಆಸುಪಾಸಿನ 22 ಹುಡುಗರನ್ನು ಎರಡು ತಂಡ ಮಾಡಿ ಶಿಬಿರದಲ್ಲಿಟ್ಟಿದ್ದ. ಆಟದ ಪೈಪೋಟಿ ಬಾವುಟ ಸುಡುವವರೆಗೆ ಹೋಯಿತು. ಆಮೇಲೆ ಅವನು ನೀರಿನ ತೊಟ್ಟಿಯ ನಲ್ಲಿಗೆ ಗೋಣಿ ಚೂರು ತುರುಕಿಸಿದ. ಬಾಯಾರಿದ ಎರಡೂ ತಂಡದವರು ಸೇರಿ ಅದನ್ನು ಬಿಡಿಸಿದರು. ಕಥೆ ಅಲ್ಲಿಗೆ ಮುಗಿಯಲಿಲ್ಲ, ನೀರು ಕುಡಿದ ಮೇಲೆ ಮತ್ತೆ ಬೈದಾಡಿದರು. ಸಿನಿಮಾಕ್ಕೆ ದುಡ್ಡು ಕೂಡಿಸಿ, ಕೆಟ್ಟು ನಿಂತ ಲಾರಿಗೆ ಹಗ್ಗ ಕಟ್ಟಿ ಎಳೆದು, ಹೀಗೆ ಹಲವು ಸಲ ಹೆಗಲು ಕೊಟ್ಟ ಮೇಲೆಯೇ ಹಗೆ ಇಳಿದದ್ದು.

ನಮ್ಮದೂ ಹಾಗೆಯೇ ನಿಧಾನವಾಗಿಯೇ ನಡೆಯಿತು. ಟಾರ್ಪಾಲಿನ ಮಾರನೆಯ ದಿನ ಅವರ ಮನೆಯಲ್ಲಿ ಕಾಫಿ. ಕನ್ನಂಬಾಡಿ ಕಟ್ಟೆ ತುಂಬಿದರೆ 124.80 ಅಡಿ ಎಂದು ನಮ್ಮೂರಿನ ಮಕ್ಕಳೂ ಹೇಳುತ್ತಾರೆ ಎಂದೆ. ಅವರಿಗೆ ಅದು ಗೊತ್ತಿರಲಿಲ್ಲ. ನಮ್ಮ ಮೇಟ್ಟೂರು ಅಣೆಕಟ್ಟಿಗೆ 120 ಅಡಿ, ಜೂನ್ 12ಕ್ಕೆ ತೂಬು ತೆರೆಯದಿದ್ದರೆ ಕುರುವೈ ಭತ್ತದ ಬೆಳೆ ಹೋದಂತೆಯೇ ಎಂದರು. ಅದು ನನಗೆ ಗೊತ್ತಿರಲಿಲ್ಲ. ಜೀವಮಾನವೆಲ್ಲ ಒಂದೇ ನದಿಯ ನೀರು ಕುಡಿದ ಇಬ್ಬರು, ಒಬ್ಬರ ಅಂಕಿ ಇನ್ನೊಬ್ಬರಿಗೆ ಗೊತ್ತಿಲ್ಲ! 2003ರಲ್ಲಿ ಎರಡೂ ರಾಜ್ಯಗಳ ರೈತರು ‘ಕಾವೇರಿ ಕುಟುಂಬ’ ಎಂದು ಸೇರಿ ಒಬ್ಬರ ಗದ್ದೆಯನ್ನೊಬ್ಬರು ನೋಡಿ ಬಂದಿದ್ದರು. ಅದರಿಂದ ವ್ಯಾಜ್ಯ ಬಗೆಹರಿಯಲಿಲ್ಲ, ನಿಜ. ಆದರೆ ಎದುರಿನವನ ಗದ್ದೆಯ ಬಿರುಕನ್ನು ಕಂಡವನ ಮಾತಿನ ಧಾಟಿ ಬೇರೆಯೇ.

ಹಗೆಯ ಮೂಲ ದ್ವೇಷ ಎಂದು ಬಹಳ ಕಾಲ ನಂಬಿದ್ದೆ. ಈಗ ನನಗೆ ಅದು ಲೆಕ್ಕದ ಚಟ ಎನಿಸುತ್ತದೆ. ಹೆನ್ರಿ ತಾಜ್‌ಫೆಲ್ ಪೋಲೆಂಡಿನ ಯಹೂದಿ ಮನೋವಿಜ್ಞಾನಿ, ಹಿಟ್ಲರನ ಕಾಲದಲ್ಲಿ ತನ್ನ ಮನೆಯವರನ್ನು ಕಳೆದುಕೊಂಡವನು. ಬ್ರಿಸ್ಟಲ್‌ನ ಶಾಲಾ ಹುಡುಗರನ್ನು ಅವನು ಯಾವ ಚಿತ್ರ ಇಷ್ಟ ಎಂಬಂಥ ಹುಲ್ಲುಕಡ್ಡಿ ನೆಪದಲ್ಲಿ ಎರಡು ಗುಂಪು ಮಾಡಿ ದುಡ್ಡು ಹಂಚಲು ಹೇಳಿದ. ತಮ್ಮ ಗುಂಪಿಗೆ ಹೆಚ್ಚು ಸಿಗುವುದಕ್ಕಿಂತ ಆ ಗುಂಪಿಗಿಂತ ಹೆಚ್ಚು ಸಿಗುವುದೇ ಅನೇಕರಿಗೆ ಮುಖ್ಯವಾಯಿತು. ಅಂತರ ದೊಡ್ಡದಾಗುವುದಾದರೆ ತಮಗೆ ಕಡಿಮೆಯಾದರೂ ಸರಿ. ನನ್ನ ಒಂದು ಕಣ್ಣು ಹೋಗಲಿ, ಅವನವೆರಡೂ ಹೋಗಲಿ ಎನ್ನುವ ನಮ್ಮ ಗಾದೆಯ ಅಣ್ಣ ಇದು.

2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟು ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚು ಕೊಟ್ಟಾಗ ನಮ್ಮ ಕಚೇರಿಯ ಊಟದ ಮೇಜಿನಲ್ಲಿ ಒಂದೇ ಪ್ರಶ್ನೆ: ಗೆದ್ದವರು ಯಾರು? ಇದ್ದ ಆರು ಜನರಲ್ಲಿ ಒಂದು ಟಿಎಂಸಿ ಎಂದರೆ ಎಷ್ಟು ನೀರೆಂದು ಹೇಳಬಲ್ಲವರು ಒಬ್ಬರೂ ಇರಲಿಲ್ಲ, ನಾನೂ ಸೇರಿ. ಕೊನೆಗೆ ಮೊಬೈಲಿನಲ್ಲಿ ಭಾಗಿಸಿ ಗುಣಿಸಿ ನೋಡಿದೆವು. 11,574 ಕ್ಯುಸೆಕ್, ಅಂದರೆ ಸೆಕೆಂಡಿಗೆ ಅಷ್ಟು ಘನ ಅಡಿ ನೀರು, ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. ಅಷ್ಟು ಹೊತ್ತಿಗೆ ದನಿಗಳು ಅರ್ಧ ಇಳಿದಿದ್ದವು. ‘ಯಾಕೆ’ ಎಂದು ಕೇಳಿದರೆ ಮನುಷ್ಯ ಪಟ್ಟು ಹಿಡಿಯುತ್ತಾನೆ, ‘ಹೇಗೆ’ ಎಂದು ಕೇಳಿದರೆ ತಡವರಿಸುತ್ತಾನೆ. ಆ ತಡವರಿಕೆ ನನಗೆ ಇಷ್ಟ.

ಎರಡು ನಗರಗಳ ರೀತಿಯನ್ನೂ ಹೇಳಬೇಕು. ಬೆಂಗಳೂರಿನಲ್ಲಿ ಎದುರಿನವನು ತಮಿಳಿನಲ್ಲಿ ಕೇಳಿದರೆ ನಾವೇ ತಮಿಳಿಗೆ ಇಳಿಯುತ್ತೇವೆ. ಚೆನ್ನೈನ ತರಕಾರಿಯವಳು ಇಳಿಯಲಿಲ್ಲ. ಮೂರು ತಿಂಗಳು ನಾನು ತಪ್ಪುತಪ್ಪಾಗಿ ತಮಿಳಾಡಿ, ಅವಳು ನಕ್ಕು ತಿದ್ದಿ, ಈಗ ಕೊತ್ತಂಬರಿ ಪುಕ್ಕಟೆ. ಮೊದಲು ನಮ್ಮದು ಔದಾರ್ಯ, ಇವರದು ಹಟ ಎಂದುಕೊಂಡಿದ್ದೆ. ಈಗ ಹಾಗೆನಿಸುವುದಿಲ್ಲ. ನಾವು ಇಳಿದು ಮಾತಾಡಿದ್ದನ್ನೆಲ್ಲ ಒಳಗೊಳಗೇ ಖಾತೆಗೆ ಬರೆದಿಟ್ಟುಕೊಳ್ಳುತ್ತೇವೆ, ಒಂದು ದಿನ ಬಡ್ಡಿ ಸಮೇತ ಕೇಳುತ್ತೇವೆ. ಬಾಗಿಲಲ್ಲೇ ‘ಕಲಿತು ಬಾ’ ಎಂದವಳು ನನ್ನ ಮೇಲೆ ಯಾವ ಸಾಲವನ್ನೂ ಹೊರಿಸಲಿಲ್ಲ. ಇಲ್ಲಿಯವರೇನು ಸಂತರಲ್ಲ, ಅದೇ ಸೆಪ್ಟೆಂಬರಿನಲ್ಲಿ ಮೈಲಾಪುರದಲ್ಲಿ ಕನ್ನಡಿಗರ ಹೋಟೆಲೊಂದಕ್ಕೆ ಪೆಟ್ರೋಲ್ ಬಾಂಬ್ ಬಿತ್ತು. ಆದರೆ ಹಲಸೂರು ಕೆರೆಯ ಬಳಿ ತಿರುವಳ್ಳುವರ್ ಪ್ರತಿಮೆಯನ್ನು 18 ವರ್ಷ ಮುಸುಕು ಹಾಕಿ ನಿಲ್ಲಿಸಿದವರು ನಾವು. 2009ರ ಆಗಸ್ಟ್ 9ರಂದು ಮುಸುಕು ತೆಗೆದದ್ದೂ ನಾಲ್ಕೇ ದಿನಕ್ಕೆ ಚೆನ್ನೈನ ಅಯನಾವರಂನಲ್ಲಿ ಸರ್ವಜ್ಞನ ಪ್ರತಿಮೆ ಎದ್ದು ನಿಲ್ಲುವ ಕರಾರಿನ ಮೇಲೆ. ಒಂದಕ್ಕೊಂದು, ಸರಿಗೆ ಸರಿ. ರಾಜಿಯಲ್ಲೂ ತಕ್ಕಡಿ.

ನನ್ನ ಕಾರಿನ ಮುಸುಕು ಹತ್ತು ದಿನ ಇತ್ತು. ಹನ್ನೊಂದನೆಯ ದಿನ ಹಿರಿಯರೇ ಬಂದು ಗಂಟು ಬಿಚ್ಚಿದರು. ಮಳೆ ಬರುವುದರೊಳಗೆ ಟಾರ್ಪಾಲು ಅವರ ಸ್ಕೂಟರಿಗೆ ಬೇಕಿತ್ತು. ಒಂದು ತುದಿ ನನ್ನ ಕೈಗೆ ಕೊಟ್ಟರು, ಇಬ್ಬರೂ ಸೇರಿ ಧೂಳು ಕೊಡವಿ ಮಡಿಸಿದೆವು. ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲು ಹತ್ತುತ್ತ ಹಿಂತಿರುಗಿ ಹೇಳಿದರು: “ತಂಬಿ, ವಂಡಿ ಉನ್ನದು. ತಣ್ಣಿ ಎಂಗಳದು.” (ತಮ್ಮಾ, ಗಾಡಿ ನಿನ್ನದು. ನೀರು ನಮ್ಮದು.)